ಅಡಿಕೆಗೆ ಹೋದ ಮಾನ

ಹಬ್ಬ ಮುಗಿದ ಮೇಲೆ ದೇವಸ್ಥಾನದ ಹುಂಡಿ ಎಣಿಸಲು ನಾವು ಐದಾರು ಮಂದಿ ಸೇರುವುದು ಹಲವು ವರ್ಷಗಳಿಂದ ನಡೆದುಬಂದ ಪದ್ಧತಿ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಹಣವನ್ನು ಸುರಿದು, ನಾಣ್ಯಗಳನ್ನು ಒಂದು ಕಡೆ ಮಾಡಿ, ನೋಟುಗಳನ್ನು ಬಣ್ಣ ನೋಡಿ ಬೇರ್ಪಡಿಸಿ, ಅಂಟಿಕೊಂಡ ಕುಂಕುಮ ಅಕ್ಷತೆಗಳನ್ನು ಒರೆಸಿ ಕಟ್ಟು ಕಟ್ಟುವುದರೊಳಗೆ ಮಧ್ಯಾಹ್ನವಾಗಿರುತ್ತದೆ. ಕಳೆದ ಗಣೇಶನ ಹಬ್ಬದ ನಂತರ ಹೀಗೆ ಕುಳಿತಿದ್ದಾಗ, ಸಹಾಯಕ್ಕೆಂದು ಬಂದಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ಕೆಂಪು ಬಣ್ಣದ 20 ಡಾಲರಿನ ನೋಟನ್ನು ಬೆಳಕಿಗೆ ಹಿಡಿದು, "ಅಂಕಲ್, ಕನ್ನಡಕ ಹಾಕ್ಕೊಂಡಿರೋ ಈ ಅಜ್ಜಿ ಯಾರು?" ಎಂದು ಕೇಳಿದಳು. ನಮ್ಮಲ್ಲೊಬ್ಬರು ನಗುತ್ತಾ, "ಅವಳಾ? ಕುದುರೆ ಕದ್ದು ಸಿಕ್ಕಿಬಿದ್ದವಳು" ಎಂದರು. ಹುಡುಗಿ ಒಂದು ಕ್ಷಣ ಯೋಚಿಸಿದಳು. "ಹಾಗಾದ್ರೆ ಅವಳ ಫೋಟೋ ದುಡ್ಡಿನ ಮೇಲೆ ಯಾಕೆ? ಅದನ್ನ ದೇವರಿಗೆ ಹಾಕಬಹುದಾ?"

ನಾವೆಲ್ಲ ನಕ್ಕು, ಅವಳ ಕೈಗೆ ಒಂದು ಉಂಡೆ ಕೊಟ್ಟು ಆಡಲು ಕಳಿಸಿದೆವು. ಆದರೆ ಪ್ರಶ್ನೆ ಮಾತ್ರ ಮೇಜಿನ ಮೇಲೆಯೇ ಉಳಿಯಿತು. ಅದು ನಮ್ಮನ್ನು ಅಷ್ಟಾಗಿ ಚುಚ್ಚಿದ್ದಕ್ಕೆ ಬೇರೆಯೇ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಆ ಅಜ್ಜಿಯ ಕಥೆ.

ಆಕೆಯ ಹೆಸರು ಮೇರಿ ರೀಬಿ. ಹುಟ್ಟಿದ್ದು 1777ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ಬರಿ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದವಳು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ಹುಡುಗನ ವೇಷ ತೊಟ್ಟು, ಜೇಮ್ಸ್ ಬರ್ರೋ ಎಂದು ಹೆಸರು ಹೇಳಿಕೊಂಡು ತಿರುಗುತ್ತಿದ್ದಾಗ ಕುದುರೆ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದಳು. ಸ್ಟಾಫರ್ಡಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಅವಳು ಹುಡುಗಿಯೆಂಬುದೂ ಬಯಲಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಮರಣದಂಡನೆಗೆ ಅರ್ಹವಾದ ಅಪರಾಧಗಳು ಇನ್ನೂರರ ಆಸುಪಾಸಿನಲ್ಲಿದ್ದವು. ಕುದುರೆ ಕಳವು ಕೂಡ ಅವುಗಳಲ್ಲಿ ಒಂದು. ಆಸ್ತಿವಂತರೇ ಶಾಸನಗಳನ್ನು ಬರೆದಾಗ ಆಸ್ತಿಯ ಬೆಲೆ ಪ್ರಾಣದ ಬೆಲೆಗಿಂತ ಹೆಚ್ಚಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮೇರಿಗೆ ವಿಧಿಸಿದ ಶಿಕ್ಷೆ ಏಳು ವರ್ಷಗಳ ಗಡೀಪಾರು.

ಗಡೀಪಾರು ಎಂದರೆ ಸಾಗರದಾಚೆಗೆ. ಮೊದಲು ಇಂಗ್ಲೆಂಡು ತನ್ನ ಅಪರಾಧಿಗಳನ್ನು ಅಮೆರಿಕಕ್ಕೆ ಸಾಗಿಸುತ್ತಿತ್ತು. 1775ರಲ್ಲಿ ಅಲ್ಲಿ ಸ್ವಾತಂತ್ರ್ಯ ಸಮರ ಆರಂಭವಾಗಿ ಆ ಬಾಗಿಲು ಮುಚ್ಚಿತು. ಸೆರೆಮನೆಗಳು ತುಂಬಿ ತುಳುಕಿ, ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ್ದ ಹಳೆಯ ಹಡಗುಗಳನ್ನೇ ಜೈಲುಗಳನ್ನಾಗಿ ಮಾಡಿದರು. ಕೊನೆಗೆ 1787ರ ಮೇ 13ರಂದು ಹನ್ನೊಂದು ಹಡಗುಗಳು ಪೋರ್ಟ್ಸ್‌ಮತ್ ಬಿಟ್ಟು, 1788ರ ಜನವರಿಯಲ್ಲಿ ಈಗ ನಾವಿರುವ ಈ ನೆಲಕ್ಕೆ ಬಂದವು. ಅಲ್ಲಿಂದ 1868ರವರೆಗೆ, ಎಂಬತ್ತು ವರ್ಷಗಳಲ್ಲಿ, ಸುಮಾರು 1,62,000 ಜನರನ್ನು ಹೀಗೆ ಇಲ್ಲಿಗೆ ತಂದಿಳಿಸಿದರು. ಅವರಲ್ಲಿ ಹೆಚ್ಚಿನವರ ಅಪರಾಧ ಕಳ್ಳತನವೇ. ಬಟ್ಟೆ, ಚಮಚ, ಗಡಿಯಾರ, ಕುರಿ, ಬ್ರೆಡ್ಡು, ಕರವಸ್ತ್ರ. 1790ರಲ್ಲಿ ಬಂದ ಎರಡನೆಯ ಹಡಗು ಪಡೆಯಲ್ಲಿ ಹೊರಟ ಅಪರಾಧಿಗಳ ಪೈಕಿ ಸುಮಾರು ನಾಲ್ಕನೆಯ ಒಂದು ಪಾಲು ಜನ ದಾರಿಯಲ್ಲೇ ಸತ್ತರು. ಏಳು ವರ್ಷದ ಶಿಕ್ಷೆ ಎಂದು ಬರೆದುಕೊಟ್ಟದ್ದು ಅವರ ಪಾಲಿಗೆ ಮರಣದಂಡನೆಯೇ ಆಯಿತು.

ನಮ್ಮ ಕಡೆ ಇದನ್ನೇ ಕಾಲಾಪಾನಿ ಎಂದರು. ಬ್ರಿಟಿಷರು ಇಂಗ್ಲೆಂಡಿನ ಕಳ್ಳರನ್ನು ಸಿಡ್ನಿಗೆ ಕಳಿಸುತ್ತಿದ್ದ ಕಾಲದಲ್ಲಿಯೇ ಭಾರತದ ಅಪರಾಧಿಗಳನ್ನು ಮಾರಿಷಸ್‌ಗೂ, 1825ರಿಂದ ಸಿಂಗಪುರಕ್ಕೂ, 1858ರಿಂದ ಅಂಡಮಾನಿಗೂ ಸಾಗಿಸುತ್ತಿದ್ದರು. ಸಿಂಗಪುರದ ರಸ್ತೆಗಳನ್ನೂ ಸೇಂಟ್ ಆಂಡ್ರೂಸ್ ಚರ್ಚನ್ನೂ ಕಟ್ಟಿದ ಕೈಗಳು ಭಾರತದ ಕೈದಿಗಳವು. ಸಮುದ್ರ ದಾಟಿದರೆ ಜಾತಿ ಕೆಟ್ಟೀತೆಂಬ ಭಯವಿದ್ದ ಜನರಿಗೆ ಈ ಶಿಕ್ಷೆ ಎರಡು ಪಟ್ಟಾಗಿತ್ತು. ದೇಶವೂ ಹೋಯಿತು, ಮರಳಿ ಬಂದರೆ ಮನೆಯೂ ಇಲ್ಲ.

ಮೇರಿ 1792ರ ಅಕ್ಟೋಬರಿನಲ್ಲಿ ರಾಯಲ್ ಅಡ್ಮಿರಲ್ ಎಂಬ ಹಡಗಿನಲ್ಲಿ ಸಿಡ್ನಿ ಮುಟ್ಟಿದಳು. ಬಂದ ಕೂಡಲೇ ಊರಿನಲ್ಲಿದ್ದ ತನ್ನ ಅತ್ತೆಗೆ ಬರೆದ ಪತ್ರ ಇಂದಿಗೂ ಇಲ್ಲಿನ ರಾಜ್ಯ ಗ್ರಂಥಾಲಯದಲ್ಲಿದೆ. ಹದಿನೈದರ ಹುಡುಗಿಯ ಪತ್ರ. ತನ್ನದು ಏಳು ವರ್ಷದ ಶಿಕ್ಷೆ ಎಂದು ತಿಳಿದಿದ್ದೆ, ಈಗ ಜೀವಾವಧಿ ಎನ್ನುತ್ತಿದ್ದಾರೆ, ಅದನ್ನು ನೆನೆದರೆ ದುಃಖವಾಗುತ್ತದೆ ಎಂದು ಅದರಲ್ಲಿ ತೋಡಿಕೊಂಡಿದ್ದಾಳೆ. ಆದರೂ ಇರುವ ಸ್ಥಿತಿಯಲ್ಲಿ ಸಾಧ್ಯವಾದಷ್ಟು ಸಂತೋಷವಾಗಿರುತ್ತೇನೆ ಎಂದು ಸಮಾಧಾನವನ್ನೂ ಹೇಳಿದ್ದಾಳೆ. ಏಳು ವರ್ಷವೋ, ಜೀವಾವಧಿಯೋ? ಓದುಗರು ಈ ಪ್ರಶ್ನೆಯನ್ನು ನೆನಪಿನಲ್ಲಿಡಬೇಕು. ಈ ಬರಹವೆಲ್ಲ ಅದರ ಸುತ್ತಲೇ ಇದೆ.

ಸೇನಾಧಿಕಾರಿಯೊಬ್ಬನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಆಕೆಯ ಪಾಲಿಗೆ ಬಂತು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ ಥಾಮಸ್ ರೀಬಿಯನ್ನು ಮದುವೆಯಾದಳು. ಹಾಕ್ಸ್‌ಬರಿ ನದಿಯ ದಡದಲ್ಲಿ ಬೇಸಾಯ, ಧಾನ್ಯ ಸಾಗಿಸುವ ದೋಣಿಗಳು, ಆಮೇಲೆ ಸಿಡ್ನಿಯಲ್ಲಿ ವ್ಯಾಪಾರ. ತಮ್ಮ ಮನೆಗೆ ಅವರು ಇಟ್ಟ ಹೆಸರು ಎಂಟಾಲಿ. ಅದು ಕಲ್ಕತ್ತೆಯ ಒಂದು ಬಡಾವಣೆಯ ಹೆಸರು ಎಂಬುದು ನಮಗೆ ಸ್ವಾರಸ್ಯದ ಸಂಗತಿ. 1811ರಲ್ಲಿ ಗಂಡ ತೀರಿಕೊಂಡಾಗ ಆಕೆಗೆ ಮೂವತ್ನಾಲ್ಕು ವರ್ಷ ತುಂಬಿರಲಿಲ್ಲ, ಮಡಿಲಲ್ಲಿ ಏಳು ಮಕ್ಕಳು. ವ್ಯಾಪಾರವನ್ನು ತಾನೇ ಕೈಗೆತ್ತಿಕೊಂಡು, ಗೋದಾಮು ಕಟ್ಟಿ, ಹಡಗುಗಳನ್ನು ಕೊಂಡು, ಆ ಕಾಲದ ಸಿಡ್ನಿಯ ಸಿರಿವಂತರಲ್ಲಿ ಒಬ್ಬಳಾದಳು. 1817ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಬಾಗಿಲು ತೆರೆದದ್ದು ಆಕೆಯದೇ ಕಟ್ಟಡದಲ್ಲಿ. ಒಂದು ಕಾಲದ ಕಳ್ಳಿಯ ಮನೆಯಲ್ಲಿ ಊರಿನ ಮೊದಲ ಬ್ಯಾಂಕು! ಆಕೆಯ ಮೊಮ್ಮಗ 1876ರಲ್ಲಿ ಟಾಸ್ಮೇನಿಯಾದ ಪ್ರೀಮಿಯರ್ ಆದ. 1994ರಿಂದ ಆಕೆಯ ಮುಖ 20 ಡಾಲರಿನ ನೋಟಿನ ಮೇಲಿದೆ.

ಆಕೆಯನ್ನು ದೇವತೆ ಮಾಡುವುದು ನಮ್ಮ ಉದ್ದೇಶವಲ್ಲ. ಅದೇ 1817ರಲ್ಲಿ, ಸಾಲ ತೀರಿಸದ ಒಬ್ಬನ ಮೇಲೆ ಕೈಮಾಡಿದ್ದಕ್ಕೆ ನ್ಯಾಯಾಲಯ ಆಕೆಯನ್ನು ತಪ್ಪಿತಸ್ಥಳೆಂದು ತೀರ್ಮಾನಿಸಿತ್ತು. ಗಟ್ಟಿಗಿತ್ತಿ, ಲೆಕ್ಕದಲ್ಲಿ ಚುರುಕು, ಕೋಪಿಷ್ಠೆ, ನಮ್ಮ ನಿಮ್ಮ ಹಾಗೆ ಗುಣದೋಷಗಳೆರಡೂ ಇದ್ದವಳು.

ಆದರೆ ಆಕೆಯ ಬದುಕಿನಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಈ ಯಾವ ಸಂಗತಿಯೂ ಅಲ್ಲ, ಒಂದು ಸಣ್ಣ ದಾಖಲೆ. 1820ರಲ್ಲಿ ಮೇರಿ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋಗಿ, ಹುಟ್ಟೂರನ್ನು ನೋಡಿಕೊಂಡು ಮರುವರ್ಷ ಹಿಂದಿರುಗಿದಳು. 1828ರಲ್ಲಿ ಇಲ್ಲಿ ಜನಗಣತಿ ನಡೆಯಿತು. ಪ್ರತಿಯೊಬ್ಬರೂ ತಾವು ಕೈದಿಯಾಗಿ ಬಂದವರೋ, ಸ್ವತಂತ್ರರಾಗಿ ಬಂದವರೋ ಎಂದು ಹೇಳಬೇಕಿತ್ತು. ಮೇರಿ ಬರೆಸಿದ್ದು: ಸ್ವತಂತ್ರಳಾಗಿ ಬಂದೆ, 1821ರಲ್ಲಿ. ಅಕ್ಷರಶಃ ಇದು ಸುಳ್ಳಲ್ಲ. ಆ ವರ್ಷ ಆಕೆ ತನ್ನ ಹಣದಲ್ಲಿ ಟಿಕೆಟು ಕೊಂಡು ಬಂದಿಳಿದದ್ದು ನಿಜ. ಆದರೆ 1792 ಎಲ್ಲಿ ಹೋಯಿತು? ಶಿಕ್ಷೆ ಮುಗಿದು ಮೂವತ್ತು ವರ್ಷ ಸಮೀಪಿಸುತ್ತಿತ್ತು. ಹಣ, ಮಕ್ಕಳು, ಮೊಮ್ಮಕ್ಕಳು, ಊರಿನಲ್ಲಿ ಗೌರವ, ಎಲ್ಲವೂ ಇತ್ತು. ಆದರೂ ಗಣತಿಯವನ ಮುಂದೆ ಆ ಒಂದು ವರ್ಷವನ್ನು ಆಕೆಗೆ ಹೇಳಲಾಗಲಿಲ್ಲ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಮೇರಿ ರೀಬಿಯ ಹತ್ತಿರ ಆನೆಗಳೇ ಇದ್ದವು. ಮಾನ ಬಂದಿರಲಿಲ್ಲ.

ಯಾಕೆ ಬರಲಿಲ್ಲ? ಕೊಡಬೇಕಾದವರು ಕೊಟ್ಟಿರಲಿಲ್ಲ, ಅದಕ್ಕೆ. ಆಗಿನ ಸಿಡ್ನಿ ಎರಡು ಪಂಗಡವಾಗಿತ್ತು. ಶಿಕ್ಷೆ ಮುಗಿಸಿದವರು ಒಂದು ಕಡೆ, ಸ್ವತಂತ್ರರಾಗಿ ಬಂದ ಕುಲೀನರು ಇನ್ನೊಂದು ಕಡೆ. 1810ರಿಂದ 1821ರವರೆಗೆ ಗವರ್ನರ್ ಆಗಿದ್ದ ಮ್ಯಾಕ್ವಾರಿ, ಶಿಕ್ಷೆ ಮುಗಿಸಿ ನೆಟ್ಟಗೆ ಬಾಳುತ್ತಿರುವವನನ್ನು ಇತರ ಪ್ರಜೆಗಳಂತೆಯೇ ಕಾಣಬೇಕೆಂದು ಹಟ ಹಿಡಿದ. ಬಟ್ಟೆ ಕದ್ದು ಗಡೀಪಾರಾಗಿದ್ದ ಸೈಮಿಯನ್ ಲಾರ್ಡ್ ಎಂಬುವನನ್ನು ಮ್ಯಾಜಿಸ್ಟ್ರೇಟ್ ಆಗಿ ನೇಮಿಸಿದ. ಅಂಥವರನ್ನು ತನ್ನ ಮನೆಯ ಊಟದ ಮೇಜಿಗೆ ಕರೆದ. ಕುಲೀನರು ಸಿಡಿದೆದ್ದರು. ಕಳ್ಳನ ಪಕ್ಕದಲ್ಲಿ ಕುಳಿತು ಉಣ್ಣುವುದೇ? ದೂರು ಲಂಡನ್ನಿಗೆ ಹೋಗಿ, ವಿಚಾರಣೆಗೆ ಬಿಗ್ ಎಂಬ ಆಯುಕ್ತನನ್ನು ಕಳಿಸಿದರು. ಅವನ ವರದಿಗಳು ಮ್ಯಾಕ್ವಾರಿಯ ಈ ಧೋರಣೆಯನ್ನು ಟೀಕಿಸಿದವು. ಪಂಕ್ತಿಭೋಜನದ ಜಗಳ ನಮ್ಮಲ್ಲಿ ಮಾತ್ರ ಇದ್ದದ್ದು ಎಂದುಕೊಂಡವರು ಇದನ್ನು ಗಮನಿಸಬೇಕು.

ಇದಕ್ಕೆ ಎದುರಾಗಿ ಇನ್ನೊಬ್ಬನನ್ನು ನೆನೆಯಬಹುದು. ನಾವು ತಿಂಗಳಿಗೊಮ್ಮೆಯಾದರೂ ದೋಸೆ ತಿನ್ನಲೋ, ಹುಣಿಸೆಹಣ್ಣು ತರಲೋ ಹೋಗುವ ಹ್ಯಾರಿಸ್ ಪಾರ್ಕಿನಲ್ಲಿ ರೂಸ್ ಎಂಬ ಹೆಸರಿನ ರಸ್ತೆಯಿದೆ. ಅಲ್ಲಿ ಎಕ್ಸ್‌ಪೆರಿಮೆಂಟ್ ಫಾರ್ಮ್ ಎಂಬ ಹಳೆಯ ಮನೆಯೂ ಇದೆ. ಜೇಮ್ಸ್ ರೂಸ್ ಎಂಬಾತ ಕಾರ್ನ್‌ವಾಲಿನ ರೈತ, ಕನ್ನ ಹಾಕಿದ್ದಕ್ಕೆ 1782ರಲ್ಲಿ ಶಿಕ್ಷೆಗೊಳಗಾಗಿ ಮೊದಲ ಹಡಗು ಪಡೆಯಲ್ಲೇ ಬಂದವನು. ಇಲ್ಲಿ ಆಹಾರವಿಲ್ಲದೆ ಎಲ್ಲರೂ ಹಸಿದಿದ್ದಾಗ, ಬೇಸಾಯ ಬಲ್ಲೆ ಎಂದು ಮುಂದೆ ಬಂದು, ಗವರ್ನರ್ ಫಿಲಿಪ್ ಕೊಟ್ಟ ತುಂಡು ನೆಲದಲ್ಲಿ ಬೆಳೆದು, 1791ರಲ್ಲಿ ಇನ್ನು ನನಗೆ ಸರ್ಕಾರಿ ರೇಷನ್ ಬೇಡ ಎಂದು ಹೇಳಿದವನು. ಆ ಸಾಧನೆಗಾಗಿ ಮೂವತ್ತು ಎಕರೆ ಭೂಮಿ ದೊರೆಯಿತು. ಮುಂದೆ ಆಸ್ತಿಯೆಲ್ಲ ಕರಗಿತು, 1837ರಲ್ಲಿ ತೀರಿಕೊಂಡಾಗ ಅವನೇನೂ ಸಿರಿವಂತನಲ್ಲ. ಆದರೆ ಅವನ ಸಮಾಧಿಯ ಕಲ್ಲಿನ ಮೇಲೆ, ಮೊದಲ ಹಡಗು ಪಡೆಯಲ್ಲಿ ಬಂದವನು, ಈ ನೆಲದಲ್ಲಿ ಮೊದಲ ಕಾಳು ಬಿತ್ತಿದವನು ಎಂದು ಕೆತ್ತಲಾಗಿದೆ. ಸಿರಿವಂತೆ ಬಂದ ವರ್ಷವನ್ನು ಮುಚ್ಚಿಟ್ಟಳು. ಬಡವನ ಸಮಾಧಿ ಬಂದ ಹಡಗನ್ನೇ ಹೇಳುತ್ತಿದೆ. ಮಾನ ಯಾರಿಗೆ ಹಿಂದಿರುಗಿತ್ತು?

ಈಗ ನಮ್ಮ ಪುರಾಣಕ್ಕೆ ಬರೋಣ. ಮಹಾಭಾರತದ ಶಾಂತಿಪರ್ವದಲ್ಲಿ, ಯುದ್ಧಾನಂತರ ರಾಜ್ಯವೇ ಬೇಡವೆಂದು ಕುಳಿತ ಧರ್ಮರಾಯನಿಗೆ ವ್ಯಾಸರು ಹೇಳುವ ಒಂದು ಕಥೆಯಿದೆ. ಶಂಖ ಮತ್ತು ಲಿಖಿತ ಎಂಬ ಅಣ್ಣತಮ್ಮಂದಿರು ಬಾಹುದಾ ನದಿಯ ತೀರದಲ್ಲಿ ಬೇರೆ ಬೇರೆ ಆಶ್ರಮಗಳಲ್ಲಿದ್ದರು. ಒಮ್ಮೆ ಲಿಖಿತ ಅಣ್ಣನ ಆಶ್ರಮಕ್ಕೆ ಬಂದಾಗ ಅಣ್ಣ ಇರಲಿಲ್ಲ. ಮರದಲ್ಲಿ ಹಣ್ಣು ಮಾಗಿತ್ತು. ಕಿತ್ತು ತಿಂದ. ಅಷ್ಟರಲ್ಲಿ ಅಣ್ಣ ಬಂದು ಕೇಳಿದ, ಈ ಹಣ್ಣು ಎಲ್ಲಿಯದು? ನಿನ್ನ ಮರದ್ದೇ ಎಂದು ತಮ್ಮ ನಕ್ಕ. ಕೇಳದೆ ತೆಗೆದುಕೊಂಡದ್ದು ಕಳ್ಳತನ, ಅರಸನ ಬಳಿಗೆ ಹೋಗಿ ಶಿಕ್ಷೆ ಕೇಳು ಎಂದ ಅಣ್ಣ. ಲಿಖಿತ ಮರುಮಾತಾಡದೆ ಸುದ್ಯುಮ್ನ ಮಹಾರಾಜನಲ್ಲಿಗೆ ಹೋದ. ದಂಡಿಸುವ ಅಧಿಕಾರವಿರುವವನಿಗೆ ಕ್ಷಮಿಸುವ ಅಧಿಕಾರವೂ ಇದೆ ಎಂದು ಅರಸ ಎಷ್ಟು ಹೇಳಿದರೂ ಕೇಳದೆ ಶಿಕ್ಷೆಯನ್ನೇ ಬೇಡಿದ. ಅರಸ ಅವನ ಎರಡೂ ಕೈಗಳನ್ನು ಕತ್ತರಿಸಿದ. ಲಿಖಿತ ಆ ಸ್ಥಿತಿಯಲ್ಲೇ ಅಣ್ಣನ ಬಳಿಗೆ ಬಂದು ಕ್ಷಮಿಸೆಂದಾಗ ಶಂಖ ಹೇಳಿದ: ನನಗೆ ನಿನ್ನ ಮೇಲೆ ಕೋಪವೇ ಇಲ್ಲ. ನದಿಗೆ ಇಳಿದು ದೇವತೆಗಳಿಗೂ ಪಿತೃಗಳಿಗೂ ತರ್ಪಣ ಕೊಡು. ಲಿಖಿತ ನೀರಿಗಿಳಿದು ತರ್ಪಣಕ್ಕೆ ತೊಡಗಿದಾಗ ಕೈಗಳು ಮತ್ತೆ ಮೂಡಿದವು. ನಿನಗೆ ಇಷ್ಟು ತಪಃಶಕ್ತಿಯಿದ್ದರೆ ಮೊದಲೇ ಯಾಕೆ ನನ್ನನ್ನು ಶುದ್ಧಗೊಳಿಸಲಿಲ್ಲ ಎಂದು ತಮ್ಮ ಕೇಳಿದ. ದಂಡಿಸುವುದು ಅರಸನ ಕೆಲಸ, ನನ್ನದಲ್ಲ ಎಂದ ಅಣ್ಣ.

ಈ ಕಥೆಯನ್ನು ಸಾಮಾನ್ಯವಾಗಿ ಅಣುವಿನಷ್ಟು ಕಳ್ಳತನವೂ ಕಳ್ಳತನವೇ ಎಂಬ ನೀತಿಗಾಗಿ ಮಕ್ಕಳಿಗೆ ಹೇಳುತ್ತೇವೆ. ಅದು ಸರಿಯೇ. ಪತಂಜಲಿಗಳ ಯಮಗಳಲ್ಲಿ ಅಸ್ತೇಯವಿದೆ, ಬಸವಣ್ಣನವರ ಪ್ರಸಿದ್ಧ ವಚನವೊಂದು ಕಳ್ಳತನದ ನಿಷೇಧದಿಂದಲೇ ಆರಂಭವಾಗುತ್ತದೆ. ಆದರೆ ಕಥೆಯ ಉತ್ತರಾರ್ಧವನ್ನು ನಾವು ಅವಸರದಲ್ಲಿ ಮುಗಿಸಿಬಿಡುತ್ತೇವೆ. ಇಲ್ಲಿ ಮೂವರು ಮೂರು ಕೆಲಸ ಮಾಡುತ್ತಾರೆ. ತಪ್ಪು ಮಾಡಿದವನು ಒಪ್ಪಿಕೊಳ್ಳುತ್ತಾನೆ. ಅರಸ ದಂಡಿಸುತ್ತಾನೆ. ಮೂರನೆಯವನು ನದಿಯ ದಡದಲ್ಲಿ ನಿಂತು, ಮುಗಿಯಿತು, ಇನ್ನು ಸ್ನಾನ ಮಾಡು ಎನ್ನುತ್ತಾನೆ. ತಪ್ಪನ್ನು ಮೊದಲು ಎತ್ತಿ ತೋರಿಸಿದ ಅಣ್ಣನೇ ಈ ಮೂರನೆಯವನು ಎಂಬುದು ಗಮನಾರ್ಹ. ಕೈ ಕತ್ತರಿಸಿದ್ದು ಅರಸನ ದಂಡ, ಕೈ ಮೂಡಿದ್ದು ಅಣ್ಣನ ಮಾತಿನಿಂದ. ಅರಸರಿಂದ ದಂಡನೆ ಪಡೆದ ಪಾಪಿಗಳು ನಿರ್ಮಲರಾಗಿ, ಪುಣ್ಯವಂತರಂತೆಯೇ ಸ್ವರ್ಗಕ್ಕೆ ಹೋಗುತ್ತಾರೆ ಎಂದು ಮನುಸ್ಮೃತಿಯೂ ಹೇಳುತ್ತದೆ. ಶಿಕ್ಷೆ ಮುಗಿದವನ ಮೇಲೆ ಕಲೆ ಉಳಿದರೆ ಅದು ಧರ್ಮಶಾಸ್ತ್ರ ಉಳಿಸಿದ ಕಲೆಯಲ್ಲ, ನಾವು ಉಳಿಸಿದ್ದು.

ಈಗ, ಮುಂದೆ ಹೇಳುತ್ತೇವೆ ಎಂದ ಸಂಗತಿ. ನಮ್ಮ ನಡುವಿನ ಒಂದು ಕುಟುಂಬದ ಹುಡುಗ, ಕಾಲೇಜಿನಲ್ಲಿ ಓದುತ್ತಾ ಸಂಜೆ ಹೊತ್ತು ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು, ಗಲ್ಲಾಪೆಟ್ಟಿಗೆಯಿಂದ ಹಣ ತೆಗೆದು ಸಿಕ್ಕಿಬಿದ್ದ. ತಪ್ಪನ್ನು ಒಪ್ಪಿಕೊಂಡ. ನ್ಯಾಯಾಲಯ ಹೇಳಿದ ಅವಧಿಯನ್ನು ಪೂರೈಸಿದ. ತೆಗೆದುಕೊಂಡದ್ದನ್ನು ದುಡಿದು ಹಿಂದಿರುಗಿಸಿದ. ಇದೆಲ್ಲ ಮುಗಿದು ಎರಡು ವರ್ಷವಾದ ಮೇಲೆ ಅವನ ತಾಯಿ ನಮ್ಮ ಬಳಿ ಬಂದು, "ಇವನೂ ಹಬ್ಬದಲ್ಲಿ ನಿಮ್ಮ ಜೊತೆ ಸೇವೆ ಮಾಡ್ತಾನಂತೆ, ಹುಂಡಿ ಎಣಿಸೋಕೆ ಜನ ಸಾಲಲ್ಲ ಅಂತಿದ್ದಿರಲ್ಲ" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಕೊನೆಗೆ ಒಬ್ಬರು, "ಊಟ ಬಡಿಸೋಕೆ ಬರಲಿ, ತಾಯಿ. ಎಣಿಕೆ ಸದ್ಯಕ್ಕೆ ಬೇಡ" ಎಂದರು. ನಾವೆಲ್ಲ ಸುಮ್ಮನಿದ್ದೆವು. ಸುಮ್ಮನಿದ್ದದ್ದೂ ಹೇಳಿದಂತೆಯೇ. ಆಕೆ ತಲೆಯಾಡಿಸಿ ಹೋದರು. ಆ ಕುಟುಂಬ ಮತ್ತೆ ದೇವಸ್ಥಾನಕ್ಕೆ ಬರಲಿಲ್ಲ. ನಾವೂ ಫೋನ್ ಮಾಡಲಿಲ್ಲ.

ನ್ಯಾಯಾಲಯ ಕೊಟ್ಟ ಶಿಕ್ಷೆಗೆ ತಾರೀಖು ಇತ್ತು. ನಮ್ಮ "ಸದ್ಯಕ್ಕೆ" ಎಂಬ ಮಾತಿಗೆ ತಾರೀಖು ಇರಲಿಲ್ಲ. ಏಳು ವರ್ಷ ಎಂದು ಹೇಳಿ, ಈಗ ಜೀವಾವಧಿ ಎನ್ನುತ್ತಿದ್ದಾರೆ ಎಂದು ಅತ್ತೆಗೆ ಬರೆದ ಹುಡುಗಿಯ ಪತ್ರವನ್ನು ಓದಿದಾಗ ನಮಗೆ ಹೊಳೆದದ್ದು ಇದೇ. ಮೇಜಿನ ಮೇಲೆ ಕುದುರೆ ಕಳ್ಳಿಯ ನೋಟುಗಳನ್ನು ಗೌರವದಿಂದ ಒರೆಸಿ ಕಟ್ಟುತ್ತಿದ್ದ ಕೈಗಳೇ ಒಬ್ಬ ಹುಡುಗನನ್ನು ಆ ಮೇಜಿನಿಂದ ದೂರವಿಟ್ಟಿದ್ದವು.

ನಮ್ಮ ನಿರ್ಧಾರದ ಪರವಾಗಿ ಹೇಳಬಹುದಾದ ಮಾತುಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಒಂದು, ಹುಂಡಿಯ ಹಣ ನಮ್ಮದಲ್ಲ, ಭಕ್ತರದು. ನಮ್ಮ ಹಣವನ್ನು ಪಣಕ್ಕಿಟ್ಟು ಔದಾರ್ಯ ತೋರಬಹುದು, ಬೇರೆಯವರ ಹಣವನ್ನಿಟ್ಟಲ್ಲ. ಎರಡು, ಕ್ಷಮೆ ಬೇರೆ, ನಂಬಿಕೆ ಬೇರೆ. ಕ್ಷಮೆಯನ್ನು ಒಂದೇ ದಿನದಲ್ಲಿ ಕೊಡಬಹುದು, ನಂಬಿಕೆ ದಿನದಿನಕ್ಕೆ ಬೆಳೆಯಬೇಕು. ಮೂರು, ಲಿಖಿತ ತಾನಾಗಿಯೇ ಅರಸನ ಬಳಿಗೆ ಹೋದ, ಈ ಹುಡುಗ ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡ.

ಮೂರನೆಯದಕ್ಕೆ ಮೊದಲು ಉತ್ತರ ಹೇಳುತ್ತೇವೆ. ಲಿಖಿತ ಋಷಿ. ಅವನೂ ಅಣ್ಣ ಹೇಳುವವರೆಗೆ ನಗುತ್ತಲೇ ಇದ್ದ. ಯಾರೋ ಒಬ್ಬರು ಹಿಡಿದು ತೋರಿಸಿದ ಮೇಲೆ ಹೌದು ಎನ್ನುವುದೂ ಸಣ್ಣ ಮಾತಲ್ಲ. ಎಷ್ಟೋ ಜನ ಕೊನೆಯವರೆಗೂ ಅದನ್ನು ಹೇಳುವುದಿಲ್ಲ. ಎರಡನೆಯ ಮಾತು ನಿಜವೇ. ಆದರೆ ನಂಬಿಕೆ ಬೆಳೆಯಬೇಕಾದರೆ ಬಿತ್ತಲು ಒಂದು ತುಂಡು ನೆಲವಾದರೂ ಬೇಕು. ರೂಸನಿಗೆ ಗವರ್ನರ್ ಕೊಟ್ಟದ್ದು ಅದನ್ನೇ, ಮೂವತ್ತು ಎಕರೆ ಬಂದದ್ದು ಆಮೇಲೆ. ನಾವು ನೆಲವನ್ನೇ ಕೊಡದೆ, ಬೆಳೆ ಎಲ್ಲಿ ಎಂದು ಕೇಳುತ್ತಿದ್ದೆವು. ಮೊದಲನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಉತ್ತರ ಆ ಹುಡುಗನಲ್ಲಿಲ್ಲ, ನಮ್ಮಲ್ಲಿದೆ. ನಾವು ಈವರೆಗೆ ಹುಂಡಿ ಎಣಿಸುತ್ತಿದ್ದದ್ದು ಹೇಗೆ? ಪರಸ್ಪರ ಪರಿಚಯದ ಮೇಲೆ. ಒಬ್ಬರು ಎಣಿಸಿ ಚೀಟಿ ಬರೆದರೆ ಇನ್ನೊಬ್ಬರು ಕಟ್ಟು ಕಟ್ಟುತ್ತಿದ್ದರು, ಮತ್ತೊಮ್ಮೆ ನೋಡುವ ಪದ್ಧತಿಯಿರಲಿಲ್ಲ. ಭಕ್ತರ ಹಣದ ಬಗ್ಗೆ ಅಷ್ಟು ಕಾಳಜಿಯಿದ್ದಿದ್ದರೆ ನಾವು ಮೊದಲು ನಮ್ಮನ್ನೇ ಕಟ್ಟುಪಾಡಿಗೆ ಒಳಪಡಿಸಿಕೊಳ್ಳಬೇಕಿತ್ತು. ಒಬ್ಬನನ್ನು ಹೊರಗಿಟ್ಟು ಉಳಿದವರೆಲ್ಲ ಶುದ್ಧರೆಂದು ಭಾವಿಸುವುದು ಕಾವಲಲ್ಲ, ಅಹಂಕಾರ.

ಅಹಂಕಾರ ಎಂದಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ಕಳ್ಳತನ ಎಂಬ ಹೆಸರು ಯಾವುದಕ್ಕೆ ಅಂಟುತ್ತದೆ, ಯಾವುದಕ್ಕೆ ಅಂಟುವುದಿಲ್ಲ? ಒಂದು ಕುದುರೆ ಕದ್ದ ಹುಡುಗಿಯನ್ನು ಭೂಮಿಯ ಇನ್ನೊಂದು ತುದಿಗೆ ಎಸೆದ ಅದೇ ಸಾಮ್ರಾಜ್ಯ, ಇಲ್ಲಿನ ಮೂಲನಿವಾಸಿಗಳನ್ನು ಕೇಳದೆ ಒಂದು ಖಂಡವನ್ನೇ ತೆಗೆದುಕೊಂಡಿತು. ಮೇರಿಯ ಕುಟುಂಬ ಬೇಸಾಯ ಮಾಡಿದ ಹಾಕ್ಸ್‌ಬರಿಯ ದಡ ದಾರುಗ್ ಜನರ ನೆಲ. ಅದನ್ನು ಯಾವ ನ್ಯಾಯಾಲಯವೂ ಕಳವು ಎನ್ನಲಿಲ್ಲ. ಯಾರದ್ದೂ ಅಲ್ಲದ ಭೂಮಿ ಎಂಬ ಆ ವಾದವನ್ನು ಇಲ್ಲಿನ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರಲ್ಲಿ, ಮಾಬೋ ಮೊಕದ್ದಮೆಯಲ್ಲಿ. ಮನುಸ್ಮೃತಿಯಲ್ಲಿ ಇಂದು ಒಪ್ಪಲಾಗದ ತಾರತಮ್ಯಗಳು ಬಹಳ ಇವೆ. ಆದರೆ ಕಳ್ಳತನದ ವಿಷಯದಲ್ಲಿ ಅದು ಒಂದು ಕಡೆ ಹೇಳುವ ಲೆಕ್ಕ ಯೋಚಿಸುವಂಥದ್ದು. ಅಪರಾಧದ ಭಾರ ಶೂದ್ರನಿಗೆ ಎಂಟು ಪಟ್ಟು, ವೈಶ್ಯನಿಗೆ ಹದಿನಾರು, ಕ್ಷತ್ರಿಯನಿಗೆ ಮೂವತ್ತೆರಡು, ಬ್ರಾಹ್ಮಣನಿಗೆ ಅರವತ್ತನಾಲ್ಕು ಪಟ್ಟು. ತಿಳಿದವನು ತಪ್ಪಿದರೆ ಹೆಚ್ಚು ತಪ್ಪು ಎಂಬುದು ಅದರ ತಿರುಳು. ತೆರಿಗೆಯ ಲೆಕ್ಕದಲ್ಲಿ ಒಂದೆರಡು ಸಾಲು ಬಿಟ್ಟವರು, ಕಚೇರಿಯ ಕಾಗದವನ್ನು ಮನೆಗೆ ತಂದವರು, ಮಗನ ವಯಸ್ಸು ಕಡಿಮೆ ಹೇಳಿ ಅರ್ಧ ಟಿಕೆಟು ತೆಗೆದುಕೊಂಡವರು ನಮ್ಮಲ್ಲಿ ಯಾರೂ ಇಲ್ಲವೇ? ಇಲ್ಲಿ ನೆಲೆಸಲು ಅರ್ಜಿ ಹಾಕುವಾಗ ನಮ್ಮಲ್ಲಿ ಬಹುಪಾಲು ಜನ ಪೊಲೀಸ್ ಕ್ಲಿಯರೆನ್ಸ್ ಪತ್ರ ತಂದಿದ್ದೇವೆ. ಸಿಕ್ಕಿಬಿದ್ದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ತಪ್ಪು ಮಾಡಿಲ್ಲ ಎಂಬುದಕ್ಕಲ್ಲ.

ಇನ್ನೊಂದು ಆಕ್ಷೇಪವನ್ನು ನಮ್ಮ ಮನೆಯಲ್ಲೇ ಒಬ್ಬರು ಎತ್ತಿದರು. ಮೇರಿ ಶ್ರೀಮಂತೆಯಾದ್ದರಿಂದಲ್ಲವೇ ನೋಟಿನ ಮೇಲೆ ಬಂದದ್ದು? ಉಪಯೋಗಕ್ಕೆ ಬಂದವರನ್ನು ಮಾತ್ರ ಸಮಾಜ ಕ್ಷಮಿಸುತ್ತದೆ, ಸುಮ್ಮನೆ ಬಾಳಿ ಸುಮ್ಮನೆ ಸತ್ತ ಸಾವಿರಾರು ಕೈದಿಗಳ ಹೆಸರು ಯಾರಿಗೆ ಗೊತ್ತು? ಈ ಮಾತು ನಿಜ. ಕೈದಿಗಳ ನೆನಪನ್ನು ಅಳಿಸಲೆಂದೇ ವಾನ್ ಡೀಮನ್ಸ್ ಲ್ಯಾಂಡ್ ಎಂಬ ಹೆಸರು ಬಿಟ್ಟು 1856ರಲ್ಲಿ ಟಾಸ್ಮೇನಿಯಾ ಎಂದು ಕರೆದುಕೊಂಡರು. ಎಷ್ಟೋ ಕುಟುಂಬಗಳು ತಲೆಮಾರುಗಳ ಕಾಲ ಮುತ್ತಜ್ಜನ ವಿಷಯವನ್ನು ಮುಚ್ಚಿಟ್ಟವು. ಈಗ ಅದೇ ಮುತ್ತಜ್ಜನನ್ನು ದಾಖಲೆಗಳಲ್ಲಿ ಹುಡುಕಿ ಹೆಮ್ಮೆಪಡುತ್ತಾರೆ. 2010ರಲ್ಲಿ ಹನ್ನೊಂದು ಕೈದಿ ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸತ್ತವರನ್ನು ಕ್ಷಮಿಸುವುದು ಸುಲಭ, ಅವರು ನಮ್ಮ ಮೇಜಿನ ಪಕ್ಕ ಬಂದು ಕೂರುವುದಿಲ್ಲ. ನೂರೈವತ್ತು ವರ್ಷ ಕಾಯದೆ, ಬದುಕಿರುವವನನ್ನು ಬದುಕಿರುವಾಗಲೇ ಒಳಗೆ ಕರೆದುಕೊಳ್ಳುವುದು ಕಷ್ಟ. ಅವನು ದೊಡ್ಡ ಸಾಧನೆ ಮಾಡಬೇಕೆಂಬ ಷರತ್ತು ಹಾಕದೆ ಕರೆದುಕೊಳ್ಳುವುದು ಇನ್ನೂ ಕಷ್ಟ.

ನಷ್ಟ ಹೊಂದಿದವನನ್ನೂ ಮರೆಯಬಾರದು. ಕುದುರೆಯ ಮಾಲೀಕನಿಗೆ ಮೇರಿಯ ಏಳು ವರ್ಷಗಳಿಂದ ಏನು ಬಂತು? ಕಳವಾದ ಸ್ವತ್ತನ್ನು ಅರಸನೇ ಮರಳಿ ದೊರಕಿಸಿಕೊಡಬೇಕು, ಆಗದಿದ್ದರೆ ತನ್ನ ಬೊಕ್ಕಸದಿಂದ ಕೊಡಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಹಿಂದಿರುಗಿಸುವುದೇ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು. ನಾವು ಹೇಳಿದ ಹುಡುಗ ಆ ಮೆಟ್ಟಿಲನ್ನು ಹತ್ತಿದ್ದ. ನಿಂತಿದ್ದವರು ನಾವು.

ಹೀಗೆಲ್ಲ ಮಾತಾಡಿಕೊಂಡು ನಾವು ಎರಡು ಕೆಲಸ ಮಾಡಿದೆವು. ಹುಂಡಿಗೆ ಎರಡು ಬೀಗ, ಎರಡು ಕಡೆ ಕೀಲಿಕೈ. ಪ್ರತಿ ಕಟ್ಟನ್ನೂ ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಇಬ್ಬರೂ ಸಹಿ ಹಾಕಬೇಕು. ಈ ನಿಯಮ ಅಧ್ಯಕ್ಷರಿಗೂ ಅನ್ವಯ, ಹತ್ತು ವರ್ಷದ ಹುಡುಗಿಗೂ ಅನ್ವಯ. ಪದ್ಧತಿ ಗಟ್ಟಿಯಾಗಿದ್ದರೆ ಮನುಷ್ಯರನ್ನು ಅನುಮಾನಿಸುವ ಅಗತ್ಯ ಬೀಳುವುದಿಲ್ಲ. ಎರಡನೆಯದು, ನಾವು ಮೂವರು ಆ ಮನೆಗೆ ಹೋದೆವು. ಆ ತಾಯಿ ಬಾಗಿಲು ತೆರೆದು, ಏನೂ ಆಗಿಲ್ಲವೆಂಬಂತೆ ಕಾಫಿ ಕೊಟ್ಟರು. ಅಂದು ಸದ್ಯಕ್ಕೆ ಎಂದದ್ದು ತಪ್ಪಾಯಿತು ಎಂದು ನಾವು ಹೇಳಿದೆವು. ಹುಡುಗ ಒಳಗಿನಿಂದ ಬಂದು ನಿಂತು ಕೇಳಿದ. ಮುಂದಿನ ಎಣಿಕೆಗೆ ಬಾ ಎಂದೆವು. "ನೋಡ್ತೀನಿ ಅಂಕಲ್" ಎಂದ. ಅಷ್ಟೇ. ಈ ಬರಹವನ್ನೂ ಅವರಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಅಚ್ಚಿಗೆ ಕೊಟ್ಟಿದ್ದೇವೆ.

ಇದನ್ನು ಬರೆಯುವ ಹೊತ್ತಿಗೆ ಅವನು ಇನ್ನೂ ಬಂದಿಲ್ಲ. ಬರಲೇಬೇಕೆಂದು ಹೇಳುವ ಹಕ್ಕು ನಮಗಿಲ್ಲ. ನದಿಯ ದಡದಲ್ಲಿ ನಿಂತು ಕರೆಯುವುದಷ್ಟೇ ಅಣ್ಣನ ಕೆಲಸ, ನೀರಿಗಿಳಿಯುವುದು ತಮ್ಮನಿಗೆ ಬಿಟ್ಟದ್ದು. ಆದರೆ ಮೇಜಿನ ಬಳಿ ಒಂದು ಕುರ್ಚಿ ಹೆಚ್ಚಿಗೆ ಹಾಕಿದ್ದೇವೆ. ನಮ್ಮ ಗಾದೆಯನ್ನೂ ಇನ್ನೊಮ್ಮೆ ಯೋಚಿಸಿದೆವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಕಳೆದುಕೊಳ್ಳುವವನಿಗೆ ಎಚ್ಚರಿಕೆಯಾಗಿ ಸರಿ. ಅದನ್ನೇ ನಾವು ತೀರ್ಪಾಗಿ ಬಳಸಿದರೆ ತಪ್ಪು. ಹೋದ ಮಾನವನ್ನು ಆನೆ ಕೊಟ್ಟು ಕೊಳ್ಳಲಾಗದು, ನಿಜ. ಕೊಳ್ಳುವ ವಸ್ತುವೇ ಅದಲ್ಲ. ಉಳಿದವರು ಕೊಟ್ಟರೆ ಮಾತ್ರ ಅದು ಬರುತ್ತದೆ.

ಆ ಪುಟ್ಟ ಹುಡುಗಿಗೆ ನಾವು ಅಂದು ಉಂಡೆ ಕೊಟ್ಟು ಕಳಿಸಿದೆವೇ ಹೊರತು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇವೆ. ಹಾಕಬಹುದು ಪುಟ್ಟಿ, ಆ ಅಜ್ಜಿಯ ನೋಟನ್ನು ಧಾರಾಳವಾಗಿ ದೇವರಿಗೆ ಹಾಕಬಹುದು. ಆಕೆಯ ಏಳು ವರ್ಷ ಎಂದೋ ಮುಗಿದಿದೆ.